ಒಂಬತ್ತಿಂಚು ಪಿಲ್ಲರ್, ಇಪ್ಪತ್ತಡಿ ಎತ್ತರ

ತೆಂಗಿನ ಪೊರಕೆಯಿಂದ ಒಂದು ಕಡ್ಡಿ ಕೀಳಿ. ನೆಲಕ್ಕೆ ನೆಟ್ಟಗೆ ಊರಿ, ತುದಿಯ ಮೇಲೆ ಬೆರಳಿಟ್ಟು ಒತ್ತಿ. ಪಕ್ಕಕ್ಕೆ ಬಾಗಿತಲ್ಲವೇ? ಅದನ್ನೇ ಅರ್ಧಕ್ಕೆ ಮುರಿದು ಮತ್ತೆ ಒತ್ತಿ. ಈಗ ಬೆರಳಿಗೇ ನೋವು, ಕಡ್ಡಿ ಅಲ್ಲಾಡುವುದಿಲ್ಲ. ದಪ್ಪ ಅದೇ, ಗಟ್ಟಿತನ ಅದೇ. ಕಮ್ಮಿಯಾದದ್ದು ಉದ್ದ ಮಾತ್ರ.

ಹೆಬ್ಬೂರಿನಲ್ಲಿ, ತುಮಕೂರು–ಕುಣಿಗಲ್ ರಸ್ತೆಯ ಆಸುಪಾಸಿನಲ್ಲಿ ಮನೆ ಕಟ್ಟಿಸುವವರಿಗೆ ಈ ಕಡ್ಡಿಯ ಪಾಠ ಬೇಕೇ ಬೇಕು. ಹಳೇ ಜಗಲಿಯ ಕಲ್ಲುಕಂಬ ಗಿಡ್ಡ, ದಪ್ಪ. ಈಗಿನ ಪಿಲ್ಲರ್ ಗೋಡೆಯೊಳಗೆ ಅಡಗಬೇಕು, ಹಾಗಾಗಿ ಒಂಬತ್ತಿಂಚು. ಒಂದಂತಸ್ತಿಗೆ ಅದು ನಡೆದೀತು. ಅದೇ ಒಂಬತ್ತಿಂಚನ್ನು ಎರಡಂತಸ್ತಿನ ಪೋರ್ಟಿಕೊಗೆ, ನಡುವೆ ಬೀಮ್ ಇಲ್ಲದೆ ಎತ್ತಿದರೆ?

1729ರಲ್ಲಿ ಡಚ್ ವಿಜ್ಞಾನಿ ಮುಷೆನ್‌ಬ್ರೂಕ್ ಮರದ ಕೋಲುಗಳನ್ನು ಒತ್ತಿ ನೋಡಿದ. ಉದ್ದ ಎರಡು ಪಟ್ಟಾದರೆ ಹೊರುವ ಭಾರ ನಾಲ್ಕನೇ ಒಂದಕ್ಕೆ ಇಳಿಯಿತು. 1744ರಲ್ಲಿ ಗಣಿತಜ್ಞ ಆಯ್ಲರ್ ಇದಕ್ಕೆ ಸೂತ್ರ ಕೊಟ್ಟ. ಆಗಿನ ಕಂಬಗಳೋ ದಪ್ಪ, ಸೂತ್ರ ಬಹುಕಾಲ ಪುಸ್ತಕದಲ್ಲೇ ಉಳಿಯಿತು. ಕಬ್ಬಿಣ ಬಂದು ಕಂಬ ತೆಳುವಾದ ಮೇಲೆ ಅದರ ಬೆಲೆ ಗೊತ್ತಾಯಿತು. 1907ರ ಆಗಸ್ಟ್ 29ರಂದು ಕೆನಡಾದಲ್ಲಿ, ಕಟ್ಟುತ್ತಿದ್ದ ಕ್ವಿಬೆಕ್ ಸೇತುವೆಯ ಒತ್ತಡ ಹೊರುವ ಉಕ್ಕಿನ ಅಂಗಗಳು ಬಾಗಿ ಸೇತುವೆಯ ದಕ್ಷಿಣದ ಭಾಗ ನದಿಗೆ ಬಿತ್ತು. 75 ಮಂದಿ ಕೆಲಸಗಾರರು ಸತ್ತರು.

ಕಾಂಕ್ರೀಟಿನ ಕಷ್ಟ ಇನ್ನೊಂದು ಬಗೆಯದು. ಅದು ಬಿರುಕು ಬಿಡುತ್ತದೆ, ವರ್ಷಗಟ್ಟಲೆ ಭಾರ ಹೊತ್ತು ನಿಧಾನಕ್ಕೆ ಕುಗ್ಗುತ್ತದೆ. ಆಯ್ಲರ್ ಸೂತ್ರವೊಂದೇ ಸಾಲದು. ನಮ್ಮ ದೇಶದ ಕಾಂಕ್ರೀಟ್ ನಿಯಮಾವಳಿ ಐಎಸ್ 456 ಮೊದಲು ಬಂದದ್ದು 1953ರಲ್ಲಿ. 1978ರ ಪರಿಷ್ಕರಣೆಯಲ್ಲಿ, ಇಂಗ್ಲೆಂಡಿನಲ್ಲಿ ಕ್ರಾನ್‌ಸ್ಟನ್ ರೂಪಿಸಿದ್ದ ದಾರಿ ಸೇರಿತು: ಕಂಬ ಸ್ವಲ್ಪ ಬಾಗಿಯೇ ಬಾಗುತ್ತದೆ, ಭಾರ ನಡುವಿನಿಂದ ಸರಿಯುತ್ತದೆ, ಆ ಸರಿದಷ್ಟಕ್ಕೂ ಲೆಕ್ಕ ಹಾಕಿ. ನನ್ನ ಮಟ್ಟಿಗೆ ಇದೇ ಪ್ರಾಮಾಣಿಕ ದಾರಿ.

ಈ ನಿಯಮಾವಳಿಯ ಪ್ರಕಾರ ಲೆಕ್ಕದ ಉದ್ದ, ಅಂದರೆ ಕಂಬದ ತುದಿಗಳಿಗಿರುವ ಹಿಡಿತ ನೋಡಿ ಲೆಕ್ಕಕ್ಕೆ ಹಿಡಿಯುವ ಎತ್ತರ, ದಪ್ಪದ 12 ಪಟ್ಟು ಮುಟ್ಟಿತೆಂದರೆ ಅದು ಸಪೂರ ಕಂಬ. ಒಂಬತ್ತಿಂಚು ಅಂದರೆ 230 ಮಿಲಿಮೀಟರ್, ಅದರ 12 ಪಟ್ಟು 2,760, ಸುಮಾರು ಒಂಬತ್ತಡಿ. ಲೆಕ್ಕದ ಉದ್ದ ಹತ್ತಡಿಯಾದರೆ ಭಾರ 20 ಮಿಲಿಮೀಟರ್ ಸರಿಯಿತೆಂದು ಹಿಡಿಯಬೇಕು. ಇಪ್ಪತ್ತಡಿಗೆ? 81 ಮಿಲಿಮೀಟರ್. ಮೂರಿಂಚು ದಾಟಿತು! ಒಂಬತ್ತಿಂಚಿನ ಕಂಬದಲ್ಲಿ ಭಾರ ಹೆಚ್ಚುಕಡಿಮೆ ಅಂಚಿಗೇ ಬಂದು ಕೂತಂತೆ. ಎತ್ತರ ಎರಡು ಪಟ್ಟು, ಅಪಾಯ ನಾಲ್ಕು ಪಟ್ಟು: ಮುಷೆನ್‌ಬ್ರೂಕ್ ಕಂಡದ್ದೂ ಇದನ್ನೇ. ಕಂಬದ ತಲೆಗೆ ಯಾವ ಹಿಡಿತವೂ ಇಲ್ಲದಿದ್ದರೆ ಲೆಕ್ಕದ ಉದ್ದವೇ ಎರಡು ಪಟ್ಟು.

“ಇನ್ನೆರಡು ಕಂಬಿ ಜಾಸ್ತಿ ಹಾಕೋಣ ಬಿಡಿ” ಎಂಬ ಮಾತು ಸೈಟಿನಲ್ಲಿ ಸಾಮಾನ್ಯ. ಲೆಕ್ಕ ಮಾಡಿ ಹಾಕಿದರೆ ಸರಿ, ಅಂದಾಜಿಗೆ ಹಾಕಿದರೆ ಕಂಬದ ದಪ್ಪವೇನೂ ಹೆಚ್ಚುವುದಿಲ್ಲ. ಕಂಬಿಯೂ ಒಂದು ಪೊರಕೆ ಕಡ್ಡಿಯೇ; ಅದನ್ನು ಬಾಗದಂತೆ ಹಿಡಿಯುವುದು ರಿಂಗು. 12 ಎಂಎಂ ಕಂಬಿಗೆ ರಿಂಗಿನಿಂದ ರಿಂಗಿಗೆ 192 ಮಿಲಿಮೀಟರ್ ಮೀರುವಂತಿಲ್ಲ. ಸುಮಾರು ಏಳೂವರೆ ಇಂಚು.

ಪೋರ್ಟಿಕೊ ಎತ್ತರ ಬೇಕೇ ಬೇಕೆಂದಿದ್ದರೆ ಕಂಬ ದಪ್ಪ ಮಾಡಿಸಿ, ಇಲ್ಲವೇ ನಡುವೆ ಎರಡೂ ದಿಕ್ಕಿಗೆ ಬೀಮ್ ಕಟ್ಟಿಸಿ. ಯಾವುದನ್ನೇ ಆಗಲಿ, ಪಾಯ ತೋಡುವ ಮುಂಚೆ ಇಂಜಿನಿಯರ್ ಕೈಲಿ ಲೆಕ್ಕ ಹಾಕಿಸಿ.