ಅಜ್ಜಿಯ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ



ಇವತ್ತಿನ ಮಾತು ನಿಮ್ಮಲ್ಲಿ ಕಾಲೇಜು ಮುಗಿಸುತ್ತಿರುವವರಿಗೆ. ಅದರಲ್ಲೂ "ಕೋಡಿಂಗ್ ನನಗೆ ಒಗ್ಗಲ್ಲ, ಲಾ ಸ್ಕೂಲ್ ಅಂದರೆ ಇನ್ನೂ ಮೂರು ವರ್ಷ, ಮೇಲೆ ಸಾಲ. ಏನು ಮಾಡಲಿ ಆಂಟಿ?" ಎಂದು ನನ್ನನ್ನು ಕೇಳಿದವರಿಗೆ. ವಕೀಲರ ಕಚೇರಿಯಲ್ಲಿ ವಕೀಲರಲ್ಲದ, ಆದರೆ ಅವರಿಲ್ಲದೆ ಕಚೇರಿಯೇ ನಡೆಯದ ಒಬ್ಬರು ಇರುತ್ತಾರೆ. ಇಲ್ಲಿ ಅಮೆರಿಕದಲ್ಲಿ ಅವರನ್ನು ಪ್ಯಾರಾಲೀಗಲ್ ಎನ್ನುತ್ತಾರೆ.

ನಾನು ಪ್ಯಾರಾಲೀಗಲ್ ಅಲ್ಲ. ಕ್ಯಾಲಿಫೋರ್ನಿಯಾದ ನಮ್ಮೂರಲ್ಲಿ ಶನಿವಾರ ನಡೆಯುವ ಉಚಿತ ಕಾನೂನು ನೆರವಿನ ಶಿಬಿರದಲ್ಲಿ ಕನ್ನಡದ ಕಾಗದಗಳನ್ನು ಇಂಗ್ಲಿಷಿಗೆ ಮಾಡಿಕೊಡುವ ಸ್ವಯಂಸೇವಕಿ, ಅಷ್ಟೇ. ಪಕ್ಕದ ಕುರ್ಚಿಯಲ್ಲಿ ಕೂರುವ ಪ್ಯಾರಾಲೀಗಲ್ ಹುಡುಗಿ ನಿಮ್ಮದೇ ವಯಸ್ಸಿನವಳು. ಕನ್ನಡ ಎಂ.ಎ. ಮಾಡಿದ ನನಗೆ ಕಾಗದ ಓದುವುದನ್ನು ಕಲಿಸಿದವಳು ಕನ್ನಡದ ಒಂದಕ್ಷರವೂ ಬಾರದ ಆ ಹುಡುಗಿ.

ಮೊದಲು ಈ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಟಿ.ವಿ.ಯಲ್ಲಿ ವಕೀಲರು ಕೋರ್ಟಿನಲ್ಲಿ ವಾದಿಸುವುದನ್ನು ನೋಡಿದ್ದೀರಿ. ಆ ವಾದ ನಿಲ್ಲುವುದು ಒಂದು ಫೈಲಿನ ಮೇಲೆ. ಆ ಫೈಲನ್ನು ಕಟ್ಟುವವರು ಪ್ಯಾರಾಲೀಗಲ್‌ಗಳು. ಕಕ್ಷಿದಾರರನ್ನು ಕೂರಿಸಿಕೊಂಡು ವಿವರ ಬರೆದುಕೊಳ್ಳಬೇಕು. ಅಪಘಾತದ ಕೇಸಾದರೆ ಆಸ್ಪತ್ರೆಯ ನೂರಾರು ಪುಟಗಳನ್ನು ತಾರೀಖಿನ ಪ್ರಕಾರ ಜೋಡಿಸಬೇಕು. ಅರ್ಜಿಯ ಕರಡು ಸಿದ್ಧಮಾಡಿ ವಕೀಲರಿಗೆ ತೋರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಗಡುವುಗಳ ಮೇಲೆ ಕಣ್ಣಿಡಬೇಕು. ನಮ್ಮ ರಾಜ್ಯದಲ್ಲಿ ಮೈಗೆ ಪೆಟ್ಟಾದದ್ದಕ್ಕೆ ಪರಿಹಾರ ಕೇಳಿ ದಾವೆ ಹೂಡಲು ಸಾಮಾನ್ಯವಾಗಿ ಇರುವುದು 2 ವರ್ಷ. ಅದು ದಾಟಿದರೆ ನ್ಯಾಯ ನಿಮ್ಮ ಕಡೆಗಿದ್ದರೂ ಕೇಸು ಬಿದ್ದುಹೋಗಬಹುದು. ಊರಿನ ಕೋರ್ಟುಗಳಲ್ಲಿ ವಕೀಲರ ಹಿಂದೆ ಫೈಲು ಹಿಡಿದು ಓಡಾಡುವ ಗುಮಾಸ್ತರನ್ನು ನಿಮ್ಮ ಅಪ್ಪ ಅಮ್ಮ ನೋಡಿರುತ್ತಾರೆ. ಅವರ ಕೆಲಸವೇ ಇಲ್ಲಿ ಇನ್ನಷ್ಟು ಓದು, ಇನ್ನಷ್ಟು ಹೊಣೆ ಸೇರಿಕೊಂಡು ಬೆಳೆದಿದೆ ಅಂದುಕೊಳ್ಳಿ.

ಈಗ ನನ್ನ ತಪ್ಪಿನ ಕಥೆ. ಯಾರ ಗುರುತೂ ಸಿಗದಂತೆ ಹೇಳುತ್ತೇನೆ. ಶಿಬಿರದಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದು ಎನ್ನುವುದು ಅಲ್ಲಿ ನಾನು ಕಲಿತ ಮೊದಲ ಪಾಠ.

ಹಾಸನದ ಕಡೆಯ ಒಬ್ಬರು ಅಜ್ಜಿ. ಮಗ ಇಲ್ಲಿನ ಪ್ರಜೆ. ಮಗನನ್ನು ನೋಡಲು ಬಂದವರಿಗೆ ಇಲ್ಲಿಂದಲೇ ಗ್ರೀನ್ ಕಾರ್ಡಿಗೆ ಐ-485 ಅರ್ಜಿ ಹಾಕುವುದಿತ್ತು. ಜನನ ಪತ್ರ ಬೇಕು. ಅಜ್ಜಿ ಹುಟ್ಟಿದ್ದು ಮನೆಯಲ್ಲಿ, 1969ರ ಜನನ ಮರಣ ನೋಂದಣಿ ಕಾಯ್ದೆಗೂ ಎಷ್ಟೋ ವರ್ಷ ಮುಂಚೆ. ಆ ಕಾಲದ ಹಳ್ಳಿಯವರಲ್ಲಿ ಅನೇಕರಿಗೆ ಜನನ ಪತ್ರವೇ ಇಲ್ಲ. ಆಗ "ದಾಖಲೆ ಲಭ್ಯವಿಲ್ಲ" ಎಂದು ಊರಿನ ನೋಂದಣಿ ಕಚೇರಿಯಿಂದ ಬರೆಸಿ ತರಬೇಕು, ಜೊತೆಗೆ ಶಾಲೆಯ ದಾಖಲೆ, ಹುಟ್ಟಿನ ವಿಷಯ ತಿಳಿದವರ ಅಫಿಡವಿಟ್ ಇಡಬೇಕು.

ಅಜ್ಜಿಯ ಹಳೆಯ ಟಿ.ಸಿ. ನನ್ನ ಕೈಗೆ ಬಂತು. ಅದರಲ್ಲಿ ಹೆಸರಿನ ಕೊನೆಗೆ "ಅಮ್ಮ" ಇತ್ತು. ಪಾಸ್‌ಪೋರ್ಟಿನಲ್ಲಿ "ದೇವಿ". ನಮ್ಮವರಲ್ಲಿ ಇದು ಹೊಸದೇನಲ್ಲ. ಶಾಲೆಯಲ್ಲಿ ಒಂದು ಹೆಸರು, ಮದುವೆಯಾದ ಮೇಲೆ ಇನ್ನೊಂದು, ಮುಂದೆ ಊರಿನ ಇನಿಷಿಯಲ್ಲು, ಹಿಂದೆ ಅಪ್ಪನ ಇನಿಷಿಯಲ್ಲು. ಪಾಪ, ಅಜ್ಜಿಗೆ ತೊಂದರೆಯಾಗದಿರಲಿ ಎಂದು ನಾನು ಅನುವಾದದಲ್ಲಿ ಪಾಸ್‌ಪೋರ್ಟಿನ ಹೆಸರನ್ನೇ ಬರೆದೆ. ಕೆಳಗೆ ಸಹಿ ಹಾಕಿದೆ. "ಈ ಅನುವಾದ ಪೂರ್ಣ ಮತ್ತು ನಿಖರ, ಅನುವಾದಿಸಲು ನಾನು ಸಮರ್ಥಳು" ಎಂದು ದೃಢೀಕರಿಸುವ ಸಹಿ ಅದು. ಅನುವಾದದ ಜೊತೆ ಇಂಥ ದೃಢೀಕರಣ ಇರಲೇಬೇಕು ಎಂಬುದು ವಲಸೆ ಇಲಾಖೆಯ ನಿಯಮ.

ಆ ಹುಡುಗಿ ನನ್ನ ಅನುವಾದವನ್ನು ಮೂಲದ ಪಕ್ಕದಲ್ಲಿಟ್ಟುಕೊಂಡಳು. ಪಾಸ್‌ಪೋರ್ಟಿನ ಹೆಸರನ್ನು ಕನ್ನಡದಲ್ಲಿ ಬರೆದುಕೊಡಿ ಅಂದಳು. ಬರೆದುಕೊಟ್ಟೆ. ಕೊನೆಯ ಅಕ್ಷರಗಳ ಮೇಲೆ ಬೆರಳಿಟ್ಟು, "ಇದು ಅಲ್ಲಿ ಕಾಣುತ್ತಿಲ್ಲವಲ್ಲ?" ಎಂದಳು. ನನಗೆ ಮುಖ ಎತ್ತಲಾಗಲಿಲ್ಲ. ಅಧಿಕಾರಿಯ ಕಡೆ ಕನ್ನಡ ಬಲ್ಲವರೊಬ್ಬರು ಅದನ್ನು ನೋಡಿದ್ದರೆ, ನಿಜವಾದ ಟಿ.ಸಿ.ಯೇ ಸುಳ್ಳು ಎಂಬ ಅನುಮಾನಕ್ಕೆ ಗುರಿಯಾಗುತ್ತಿತ್ತು. ಇದ್ದದ್ದನ್ನು ಇದ್ದ ಹಾಗೇ ಬರೆದೆ. ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ಟಿನ ಕರಡನ್ನು ಅವಳು ಮಾಡಿದಳು, ವಕೀಲರು ನೋಡಿ ಒಪ್ಪಿದರು. ಸರಿಪಡಿಸುವ ದಾರಿ ಇತ್ತು. ಅದು ನನ್ನ ಪೆನ್ನಿನ ತುದಿಯಲ್ಲಿ ಇರಲಿಲ್ಲ, ಅಷ್ಟೇ.

ಕೆಲವು ವಾರಗಳ ನಂತರ ಅಜ್ಜಿ ಮತ್ತೆ ಬಂದರು. ಅರ್ಜಿ ಸಲ್ಲಿಕೆಯಾಗಿತ್ತು, ತೀರ್ಮಾನ ಬಂದಿರಲಿಲ್ಲ. ಊರಲ್ಲಿ ಅವರ ಅಕ್ಕನಿಗೆ ತುಂಬಾ ಹುಷಾರಿಲ್ಲ. ನನ್ನ ಕೈ ಹಿಡಿದು, "ಒಂದ್ಸಲ ಹೋಗಿ ನೋಡ್ಕೊಂಡ್ ಬರ್ಬೋದೇನವ್ವಾ?" ಅಂದರು.

"ಹೋಗಿ ಬನ್ನಿ ಅಜ್ಜಿ, ಏನೂ ಆಗಲ್ಲ" ಎಂಬ ಮಾತು ನನ್ನ ಬಾಯಿ ತುದಿಗೆ ಬಂದಿತ್ತು. ನಮ್ಮ ಗ್ರೀನ್ ಕಾರ್ಡ್ ಅರ್ಜಿ ಬಾಕಿ ಇದ್ದಾಗ ನಮ್ಮ ಮನೆಯವರು ಊರಿಗೆ ಹೋಗಿ ಬಂದಿದ್ದರು. ನಾನೇ ಕಣ್ಣಾರೆ ಕಂಡದ್ದು. ಆದರೆ ಟಿ.ಸಿ.ಯ ಪಾಠ ಇನ್ನೂ ಹಸಿಯಾಗಿತ್ತು. "ವಕೀಲರನ್ನು ಕೇಳೋಣ ಅಜ್ಜಿ" ಅಂದೆ. ಅಜ್ಜಿಗೆ ಬೇಸರವಾಯಿತು. "ಇಷ್ಟು ಓದಿದೀಯ, ಇಷ್ಟು ಹೇಳಕ್ಕಾಗಲ್ವಾ?" ಅಂದರು.

ವಕೀಲರು ಹೇಳಿದ್ದು ಇದು. ನಮ್ಮ ಮನೆಯವರು ಎಚ್-1 ವೀಸಾದಲ್ಲಿದ್ದರು, ಆ ವೀಸಾ ಚಾಲ್ತಿಯಲ್ಲಿದ್ದವರಿಗೆ ವಿನಾಯಿತಿ ಇದೆ. ಅಜ್ಜಿ ಬಂದದ್ದು ಸಂದರ್ಶಕರ ವೀಸಾದಲ್ಲಿ. ಅವರು ಅಡ್ವಾನ್ಸ್ ಪರೋಲ್ ಎಂಬ ಅನುಮತಿ ಇಲ್ಲದೆ ದೇಶ ಬಿಟ್ಟರೆ, ಅರ್ಜಿಯನ್ನು ಕೈಬಿಟ್ಟಂತೆ ಎಂದು ಇಲಾಖೆ ತೀರ್ಮಾನಿಸುತ್ತದೆ. ಪ್ರಶ್ನೆ ಒಂದೇ, ಉತ್ತರ ಎರಡು. ತುರ್ತು ಕಾರಣ ತೋರಿಸಿ ಅನುಮತಿ ಕೇಳಿದರು. ಅನುಮತಿ ಸಿಕ್ಕ ಮೇಲೆ ಅಜ್ಜಿ ಹೋದರು, ಅಕ್ಕನ ಪಕ್ಕ ಮೂರು ವಾರ ಇದ್ದರು, ವಾಪಸ್ಸು ಬಂದರು.

ಪ್ಯಾರಾಲೀಗಲ್ ಕೆಲಸದ ಗಡಿ ಇದೇ. ಮಾಹಿತಿ ಸಂಗ್ರಹಿಸಬಹುದು, ಕರಡು ಬರೆಯಬಹುದು. ಆದರೆ "ನಿಮ್ಮ ವಿಷಯದಲ್ಲಿ ಹೀಗೆ ಮಾಡಿ" ಎಂದು ಸಲಹೆ ಕೊಡುವಂತಿಲ್ಲ, ಶುಲ್ಕ ನಿಗದಿ ಮಾಡುವಂತಿಲ್ಲ, ಕೋರ್ಟಿನಲ್ಲಿ ವಾದಿಸುವಂತಿಲ್ಲ. ಪರವಾನಗಿ ಇಲ್ಲದೆ ವಕೀಲಿಕೆ ಮಾಡುವುದು ಕ್ಯಾಲಿಫೋರ್ನಿಯಾದಲ್ಲಿ ಅಪರಾಧ. ನಮ್ಮ ಸಮುದಾಯದಲ್ಲಿ ದೇವಸ್ಥಾನದ ಪ್ರಸಾದದ ಸಾಲಿನಲ್ಲೇ ವೀಸಾ ಸಲಹೆ ಸಿಗುತ್ತದೆ. ಕೊಡುವವರ ಮನಸ್ಸು ಒಳ್ಳೆಯದೇ, ನನ್ನದೂ ಒಳ್ಳೆಯದೇ ಇತ್ತು. ಒಳ್ಳೆಯ ಮನಸ್ಸೊಂದೇ ಸಾಲದು, ಮಕ್ಕಳೇ.

ಈ ಕೆಲಸಕ್ಕೆ ಹೋಗುವ ದಾರಿ ಹೇಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಈ ಹೆಸರು ಇಟ್ಟುಕೊಳ್ಳಲು ಕಾನೂನಿನಲ್ಲೇ ಅರ್ಹತೆ ಹೇಳಿದೆ. ಅಮೆರಿಕನ್ ಬಾರ್ ಅಸೋಸಿಯೇಷನ್ ಒಪ್ಪಿದ ಕೋರ್ಸು ಮಾಡಬಹುದು, ಇವು ಕೆಲವು ಕಮ್ಯೂನಿಟಿ ಕಾಲೇಜುಗಳಲ್ಲೂ ಇವೆ. ಇಲ್ಲವೇ ಯಾವುದೇ ಪದವಿಯ ಮೇಲೆ ವಕೀಲರ ಕೈಕೆಳಗೆ ಒಂದು ವರ್ಷ ಕೆಲಸ ಮಾಡಿ, ಅವರಿಂದ ಅರ್ಹತೆಯ ಹೇಳಿಕೆ ಪಡೆಯಬಹುದು. ಆಮೇಲೂ ಎರಡು ವರ್ಷಕ್ಕೊಮ್ಮೆ 8 ಗಂಟೆ ಕಲಿಕೆ ಕಡ್ಡಾಯ, ಅದರಲ್ಲಿ 4 ಗಂಟೆ ವೃತ್ತಿಧರ್ಮದ್ದೇ. ಬೇರೆ ಬಹುತೇಕ ರಾಜ್ಯಗಳಲ್ಲಿ ಇಷ್ಟು ಬಿಗಿ ಇಲ್ಲ. ನಾಲಾ ಸಂಸ್ಥೆ 1976ರಿಂದ ನಡೆಸುತ್ತಿರುವ ಸರ್ಟಿಫೈಡ್ ಪ್ಯಾರಾಲೀಗಲ್ ಪರೀಕ್ಷೆ ಪಾಸಾದರೆ ಎಲ್ಲಿಯಾದರೂ ಬೆಲೆ ಇದೆ.

ಇನ್ನೊಂದು ಬಾಗಿಲೂ ಇದೆ. ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಸೇವಾಸಂಸ್ಥೆಯಲ್ಲಿದ್ದು, ಅದರ ಮೂಲಕ ಅಧಿಕೃತ ಪ್ರತಿನಿಧಿಯಾದವರು ವಕೀಲರಾಗದೆಯೂ ವಲಸಿಗರ ಪರವಾಗಿ ನಿಲ್ಲಬಹುದು. ಪೂರ್ಣ ಮಾನ್ಯತೆ ಇದ್ದರೆ ವಲಸೆ ನ್ಯಾಯಾಲಯದಲ್ಲೂ ಮಾತಾಡಬಹುದು. ಅಂದರೆ ಗಡಿ ದಾಟಲೇಬಾರದು ಅಂತಲ್ಲ, ದಾಟುವ ಹಕ್ಕನ್ನು ಮೊದಲು ಸಂಪಾದಿಸಬೇಕು.

"ನನ್ನ ಕನ್ನಡ ಅರ್ಧಂಬರ್ಧ ಆಂಟಿ" ಎಂದು ನಾಚಿಕೊಳ್ಳಬೇಡಿ. ಅಜ್ಜಿಯ ಮಾತು ಅರ್ಥವಾದರೆ, ಅದನ್ನು ಕೂಡಿಸದೆ ಕಳೆಯದೆ ವಕೀಲರಿಗೆ ಮುಟ್ಟಿಸಿದರೆ ಅಷ್ಟೇ ಸಾಕು. ಮುಂದಿನ ಶನಿವಾರ ನಿಮ್ಮೂರಲ್ಲಿ ಇಂಥ ಶಿಬಿರ ಇದ್ದರೆ ಒಮ್ಮೆ ಹೋಗಿ ಕುಳಿತು ನೋಡಿ. ಜೊತೆಗೆ ನಿಮ್ಮ ಮನೆಯ ಹಿರಿಯರ ಟಿ.ಸಿ., ಮಾರ್ಕ್ಸ್ ಕಾರ್ಡು, ಪಾಸ್‌ಪೋರ್ಟುಗಳನ್ನು ಇವತ್ತೇ ಹೊರತೆಗೆದು, ಎಲ್ಲದರಲ್ಲೂ ಹೆಸರು ಒಂದೇ ಇದೆಯೇ ಎಂದು ಓದಿ. ಬೇರೆ ಬೇರೆ ಇದ್ದರೆ ನೀವು ತಿದ್ದಲು ಹೋಗಬೇಡಿ. ಗುರುತು ಮಾಡಿಟ್ಟುಕೊಂಡು, ಬಲ್ಲವರನ್ನು ಕೇಳಿ.