ನಡುವಿನ ಗಾಳಿ

ದೂರದ ಬೆಟ್ಟ ನುಣ್ಣಗೆ ಎನ್ನುತ್ತಿದ್ದರು ಹಿರಿಯರು. ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ. ಝೂಮ್ ಮಾಡಿದರೆ ಬೆಟ್ಟದ ಕಲ್ಲುಮುಳ್ಳೂ ಕಂಡೀತು ಎಂಬ ಧೈರ್ಯ ನಮ್ಮದು. ಆ ಧೈರ್ಯ ಎಷ್ಟು ಗಟ್ಟಿ ಎಂದು ತಿಳಿಯಬೇಕಾದರೆ ಮುರುಡೇಶ್ವರದ ಕಡಲ ದಡದಲ್ಲಿ ನಿಂತು ನೇತ್ರಾಣಿ ದ್ವೀಪದ ಫೋಟೋ ತೆಗೆಯಬೇಕು.

ನಿಟ್ಟೂರಿನ ತೆಂಗು, ಅಡಿಕೆ ತೋಟಗಳ ನಡುವೆ ಬೆಳೆದ ನಮ್ಮಂಥವರಿಗೆ ಸಮುದ್ರವೇ ಅಪರೂಪ. ಇನ್ನು ದ್ವೀಪ ಕಂಡರೆ ಬಿಟ್ಟೇವೆಯೇ? ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್. ಬಿಳಿ ಹೊಟ್ಟೆಯ ಕಡಲ ಹದ್ದುಗಳ ನೆಲೆ. ಸುತ್ತಲ ನೀರಿನಡಿ ಹವಳ. ದಡದಲ್ಲಿ ನಿಂತವರಿಗೆ ಮಾತ್ರ ಕಾಣುವುದು ಮಾಸಲು ನೀಲಿಯ ಒಂದು ದಿಬ್ಬ. ದೊಡ್ಡ ಲೆನ್ಸ್ ಹಾಕಿದರೆ ದಿಬ್ಬ ದೊಡ್ಡದಾಗುತ್ತದೆ, ಮಸುಕು ಹೋಗುವುದಿಲ್ಲ. ದ್ವೀಪದ ಜೊತೆಗೆ ನಡುವಿನ ಅಷ್ಟೂ ಗಾಳಿಯನ್ನು, ಅದರ ತೇವ, ಉಪ್ಪಿನ ಕಣ, ಬಿಸಿಲ ಝಳದ ಸಮೇತ ಲೆನ್ಸು ಹಿಗ್ಗಿಸುತ್ತದೆ. ನಾವು ಕಂಡ ನೀಲಿಯೂ ಆ ಗಾಳಿ ಚದುರಿಸಿದ ಬೆಳಕಿನದೇ.

ಮತ್ತೊಂದು ತೊಡಕು, ಭೂಮಿ ಗುಂಡಗಿರುವುದು. ಮರಳಿನ ಮೇಲೆ ನಿಂತವರ ಕಣ್ಣಿಗೆ ದಿಗಂತ ಸುಮಾರು 5 ಕಿಲೋಮೀಟರಿಗೇ ಮುಗಿಯುತ್ತದೆ. ದ್ವೀಪದ ಬುಡದ 10 ಮೀಟರಿಗೂ ಹೆಚ್ಚು ಭಾಗ ಕಡಲಿನ ಉಬ್ಬಿನ ಹಿಂದೆ ಮರೆ. ಅಲೆ ಬಂಡೆಗೆ ಬಡಿಯುವ ಜಾಗವನ್ನು ಲಕ್ಷ ರೂಪಾಯಿಯ ಲೆನ್ಸೂ ತೋರಿಸದು.

ಹಾಗಾದರೆ ದಾರಿ? ಮಳೆ ಬಂದು ಗಾಳಿ ತೊಳೆದುಕೊಳ್ಳುವವರೆಗೆ ಕಾಯಬೇಕು. ಬೆಳಗ್ಗೆಯೇ ಹೋಗಬೇಕು, ಆಗ ಸೂರ್ಯ ನಮ್ಮ ಬೆನ್ನಿಗಿದ್ದು ಬೆಳಕು ದ್ವೀಪದ ಮುಖಕ್ಕೆ ಬೀಳುತ್ತದೆ. ಸಂಜೆ ಹೋದವರಿಗೆ ಸಿಗುವುದು ಕಪ್ಪು ಆಕಾರವಷ್ಟೇ. ಆಮೇಲೆ, ಎತ್ತರಕ್ಕೆ ಏರಬೇಕು. ಅಲ್ಲೇ ಇರುವ 20 ಅಂತಸ್ತಿನ ರಾಜಗೋಪುರದ ಲಿಫ್ಟ್ ಹಿಡಿದು ಮೇಲೆ ಹೋದರೆ ದಿಗಂತ ದ್ವೀಪದಾಚೆಗೆ ಸರಿದು, ಗಾಳಿ ತಿಳಿಯಾಗಿದ್ದ ದಿನ ಮರೆಯಾಗಿದ್ದ ಬುಡವೂ ಕಣ್ಣಿಗೆ ಬೀಳುತ್ತದೆ.

ಇಂಥ ಗಾಳಿ ಮನುಷ್ಯರ ನಡುವೆಯೂ ಇರುತ್ತದೆ. ನಮ್ಮ ಕಡೆ ತೋಟದ ಬದುವಿನ ವಿಚಾರಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರಿಗೇನೂ ಬರವಿಲ್ಲ. ಮಾತು ಬಿಟ್ಟರೂ ನೋಡುವುದು ಬಿಟ್ಟಿರುವುದಿಲ್ಲ. ಅಣ್ಣ ಕೊಬ್ಬರಿ ಎಷ್ಟಕ್ಕೆ ಕೊಟ್ಟ, ಯಾರ ಮನೆ ಮದುವೆಗೆ ಹೋದ, ಅಲ್ಲಿ ಏನಂದ, ಎಲ್ಲವೂ ತಮ್ಮನಿಗೆ ಗೊತ್ತು. ಹೀಗೆ ದಿಟ್ಟಿಸಿದಷ್ಟೂ ನಡುವೆ ತುಂಬಿಕೊಂಡ ಚಾಡಿ ಮಾತು, ಹಳೇ ಸಿಟ್ಟುಗಳೇ ದೊಡ್ಡದಾಗಿ ಕಾಣುತ್ತವೆ. ಅಣ್ಣನ ಸಾಲ, ಅತ್ತಿಗೆಯ ಮಂಡಿನೋವು ಮರೆಯಲ್ಲೇ ಉಳಿಯುತ್ತವೆ. ಅಲ್ಲಿಂದಲೇ ಇನ್ನಷ್ಟು ಕಣ್ಣು ಕಿರಿದು ಮಾಡಿ ಫಲವಿಲ್ಲ. ಸಿಟ್ಟು ತುಸು ಇಳಿದ ಮೇಲೆ, ಒಂದು ಬೆಳಗ್ಗೆ ಅಣ್ಣನ ಜಗಲಿಯ ಮೆಟ್ಟಿಲು ಹತ್ತಬೇಕು. ಬದು ಯಾರದೆಂಬುದು ಅಷ್ಟಕ್ಕೇ ತೀರ್ಮಾನವಾಗಲಿಕ್ಕಿಲ್ಲ. ಅದನ್ನು ಅಳೆಯಲು ಸರ್ವೆಯವರಿದ್ದಾರೆ. ಅಣ್ಣ ಹೇಗಿದ್ದಾನೆ ಎಂಬುದನ್ನು ಮಾತ್ರ ತಮ್ಮನೇ ಹೋಗಿ ನೋಡಬೇಕು.