ಮೊದಲ ಚಾರಣ: ಏರುವ ಮುನ್ನ ಇಳಿಯುವ ಲೆಕ್ಕ



ಬೆಟ್ಟ ಹತ್ತಬೇಕು, ಡೇರೆಯಲ್ಲಿ ಮಲಗಬೇಕು ಎಂಬ ಆಸೆ ನಿಮ್ಮಲ್ಲಿ ಅನೇಕರಿಗೆ ಇದೆ. ಮೊದಲ ಸಲ ಹೊರಟವರ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ: ತುದಿ ಮುಟ್ಟುತ್ತೇವೆಯೇ? ಪಳಗಿದ ಚಾರಣಿಗರು ಕೇಳಿಕೊಳ್ಳುವುದು ಬೇರೆ: ಕತ್ತಲಾಗುವುದರೊಳಗೆ ಎಲ್ಲರೂ ಸುರಕ್ಷಿತ ಜಾಗಕ್ಕೆ ಮರಳುತ್ತೇವೆಯೇ?

ನಮ್ಮ ಕುಮಾರ ಪರ್ವತವನ್ನೇ ನೋಡೋಣ. ಪುಷ್ಪಗಿರಿ ಎಂದೂ ಹೆಸರಾದ ಈ ಶಿಖರದ ಎತ್ತರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದಿಂದ ದಾರಿ ಸುಮಾರು 12 ಕಿಲೋಮೀಟರ್. ಏರು 1,500 ಮೀಟರಿಗೂ ಹೆಚ್ಚು. ಮೊದಲು ದಟ್ಟ ಕಾಡು, ಆಮೇಲೆ ನೆರಳೇ ಇಲ್ಲದ ಹುಲ್ಲುಗಾವಲು. ಗಿರಿಗದ್ದೆ, ಕಲ್ಲುಮಂಟಪ ದಾಟಿ ಶೇಷಪರ್ವತಕ್ಕೆ ಬಂದಾಗ ತುದಿ ಬಂತೆಂದು ಹಿಗ್ಗುವವರುಂಟು. ಆದರೆ ಅಲ್ಲಿಂದ ಮತ್ತೆ ಇಳಿದು, ಶೋಲಾ ಕಾಡು ಹೊಕ್ಕು, ಬಂಡೆ ಏರಿದ ಮೇಲೆಯೇ ಶಿಖರ.

ಇದಕ್ಕೆ ಎಷ್ಟು ಹೊತ್ತು ಬೇಕು? ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಅದರ ಪ್ರಕಾರ ಪ್ರತಿ 5 ಕಿಲೋಮೀಟರಿಗೆ ಸುಮಾರು ಒಂದು ಗಂಟೆ. ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹಾಗೆ ನೋಡಿದರೆ ಕುಮಾರ ಪರ್ವತ ಏರಲು ಸುಮಾರು 5 ಗಂಟೆ. ಆದರೆ ಇದು ನಿಲ್ಲದೆ ನಡೆಯುವ ಗಟ್ಟಿಗರ ಲೆಕ್ಕ. ಹೊರೆ ಹೊತ್ತ ಹೊಸಬರು ಏಳೆಂಟು ಗಂಟೆಯನ್ನಾದರೂ ಇಟ್ಟುಕೊಳ್ಳಬೇಕು. ಇಳಿಯುವುದೂ ಸುಲಭವಲ್ಲ, ಮೊಣಕಾಲು ದಣಿಯುವುದು, ಕಾಲು ಜಾರುವುದು ಆಗಲೇ. ಆದ್ದರಿಂದ ಹಿಂತಿರುಗುವ ಗಂಟೆಯನ್ನು ಹೊರಡುವ ಮುನ್ನವೇ ನಿಗದಿ ಮಾಡಿ. ಆ ಗಂಟೆಯಾದಾಗ ಶಿಖರ ಕಣ್ಣೆದುರೇ ಇದ್ದರೂ ಮರಳಿ.

ಚಳಿಯ ಲೆಕ್ಕವೂ ಇದೆ. ಪ್ರತಿ 1,000 ಮೀಟರಿಗೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಬೆವರಿನಿಂದ ತೊಯ್ದ ಬಟ್ಟೆಗೆ ಗಾಳಿ ಬೀಸಿದರೆ ನಡುಕ ಹತ್ತುತ್ತದೆ. ಒಂದು ಜೊತೆ ಒಣಬಟ್ಟೆ, ಸ್ವೆಟರು, ಟಾರ್ಚು ಇವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ. ನೀರು, ಕಡಲೆ, ಬೆಲ್ಲ ಕೈಗೆಟುಕುವಂತಿರಲಿ.

ರಾತ್ರಿ ತಂಗಲು ಎಲ್ಲಿ ಅವಕಾಶವಿದೆ ಎಂಬುದನ್ನು ಅರಣ್ಯ ಇಲಾಖೆಯಿಂದ ಮೊದಲೇ ತಿಳಿದು, ಅನುಮತಿ ಪಡೆಯಿರಿ. ಹಳ್ಳದ ಪಾತ್ರದಲ್ಲಿ ಡೇರೆ ಹೂಡಬೇಡಿ. ಮೇಲೆಲ್ಲೋ ಸುರಿದ ಮಳೆ ಇಲ್ಲಿ ಪ್ರವಾಹವಾಗಿ ಬಂದೀತು. ಒಣಮರದ ಕೆಳಗೂ ಬೇಡ. ಬೆಂಕಿ ಹಾಕಲೇಬೇಡಿ, ಬೇಸಿಗೆಯ ಹುಲ್ಲಿಗೆ ಒಂದು ಕಿಡಿ ಸಾಕು, ಇಡೀ ಗುಡ್ಡ ಉರಿದುಹೋಗುತ್ತದೆ. ಒಯ್ದ ಕಸವನ್ನು ಮರಳಿ ತನ್ನಿ.

ಕೊನೆಯದಾಗಿ, ಅತಿ ನಿಧಾನವಾಗಿ ನಡೆಯುವ ಗೆಳೆಯನ ವೇಗವೇ ಇಡೀ ತಂಡದ ವೇಗವಾಗಲಿ. ಗೇಲಿಗೆ ಹೆದರಿ ದಣಿವನ್ನು ಬಚ್ಚಿಡುವವನೇ ಹೆಚ್ಚು ಅಪಾಯದಲ್ಲಿರುತ್ತಾನೆ. ‘ನನ್ನ ಕೈಲಾಗದು’ ಎಂದು ಅವನು ಸಂಕೋಚವಿಲ್ಲದೆ ಹೇಳುವಂತಿದ್ದರೆ, ಆ ಮಾತು ಕೇಳಿ ಉಳಿದವರೂ ನಿಲ್ಲುವಂತಿದ್ದರೆ, ಅದು ಒಳ್ಳೆಯ ತಂಡ. ಶಿಖರ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.